ಗುಣವಾಗಿ ಮತ್ತೆ ಬರುವ ವಾಸನೆಯ ಬಿಳಿ ಸೆರಗು: ಮೊದಲು ಆ ಡೆಟಾಲ್ ನಿಲ್ಲಿಸಿ

ಪ್ರಶ್ನೆ: ಡಾಕ್ಟರೇ, ನನಗೆ 33 ವರ್ಷ. ಊರು ಕುಂದಾಪುರದ ಹತ್ತಿರ, ಮದುವೆಯಾಗಿ ಬಂದದ್ದು ಮುಂಬೈ ಹತ್ತಿರದ ಡೊಂಬಿವಲಿಗೆ. ಇಬ್ಬರು ಮಕ್ಕಳು. 3 ವರ್ಷದ ಹಿಂದೆ ಕಾಪರ್-ಟಿ ಹಾಕಿಸಿಕೊಂಡೆ. ಹೋದ ವರ್ಷದಿಂದ ತೆಳ್ಳಗಿನ, ಬೂದು ಬಣ್ಣದ ಬಿಳಿ ಸೆರಗು ಹೋಗುತ್ತಿದೆ. ಮೀನಿನ ವಾಸನೆ. ನವೆ, ಉರಿ ಏನೂ ಇಲ್ಲ. ಮುಟ್ಟಿನ ಸಮಯದಲ್ಲಿ, ಇವರ ಜೊತೆ ಸೇರಿದ ಮೇಲೆ ವಾಸನೆ ಜಾಸ್ತಿ. 14 ತಿಂಗಳಲ್ಲಿ 5 ಸಲ ಆಯಿತು. ಎರಡು ಸಲ ಮೆಡಿಕಲ್‌ನವರೇ ನಾಲ್ಕು ಮಾತ್ರೆಯ ಕಿಟ್ ಕೊಟ್ಟರು. ಮೂರು ಸಲ ಡಾಕ್ಟರು ಒಳಗೆ ಇಡುವ ಮಾತ್ರೆ 3 ದಿನಕ್ಕೆ ಬರೆದರು. ಗುಣವಾಗುತ್ತದೆ, ತಿಂಗಳೊಳಗೆ ಮತ್ತೆ ಶುರು. ಅತ್ತೆ ಉಷ್ಣ ಅನ್ನುತ್ತಾರೆ. ನಾನು ದಿನಕ್ಕೆ ಎರಡು ಸಲ ಡೆಟಾಲ್ ನೀರಿನಿಂದ ಒಳಗೆ ತೊಳೆಯುತ್ತೇನೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೂ ಕೂರುವುದಿಲ್ಲ, ಬಾಗಿಲ ಹತ್ತಿರ ಗಾಳಿಗೆ ನಿಲ್ಲುತ್ತೇನೆ. ಇವರಿಗೆ ಏನೂ ಹೇಳಿಲ್ಲ. ಇದು ಕ್ಯಾನ್ಸರಾ? ಇವರಿಂದ ಬಂದ ರೋಗವಾ? ಜೀವನ ಪೂರ್ತಿ ಹೀಗೇನಾ? ಹೆಸರು ಹಾಕಬೇಡಿ.

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಆ ಬಾಗಿಲ ಹತ್ತಿರ ನಿಲ್ಲುವ ಮಾತು. ಡೊಂಬಿವಲಿಯ ಬೆಳಗಿನ ಲೋಕಲ್‌ನಲ್ಲಿ ಬಾಗಿಲಿಗೆ ನಿಲ್ಲುವುದು ಎಂದರೆ ಏನು ಅಂತ ನನಗೆ ಗೊತ್ತು. ಮುಲುಂಡ್‌ನಲ್ಲಿ ಪ್ರಾಕ್ಟೀಸ್ ಮಾಡುವ ನಾನೂ ಅದೇ ಲೈನಿನವಳು. ದಯವಿಟ್ಟು ನಾಳೆಯಿಂದ ಸೀಟು ಸಿಕ್ಕರೆ ಕೂತುಕೊಳ್ಳಿ. ಈ ವಾಸನೆ ನಿಮ್ಮ ಮೂಗಿಗೆ ತಾಗುವಷ್ಟು ಪಕ್ಕದವರಿಗೆ ತಾಗುವುದಿಲ್ಲ. ಪರೀಕ್ಷೆಯ ಮೇಜಿನ ಹತ್ತಿರವೇ ನಿಲ್ಲುವ ನನಗೂ ಎಷ್ಟೋ ಸಲ ಸೆರಗನ್ನು ಗಾಜಿನ ಸ್ಲೈಡಿಗೆ ತೆಗೆದ ಮೇಲೆಯೇ ಗೊತ್ತಾಗುವುದು. ಬಟ್ಟೆಯ ಮೇಲಿಂದ ಎದುರು ಸೀಟಿನವರಿಗೆ ಗೊತ್ತಾಗುತ್ತದೆ ಅನ್ನುವುದು ಭಯ, ಅಷ್ಟೇ.

ನಿಮ್ಮ ಮೂರು ಪ್ರಶ್ನೆಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನೀವು ಬರೆದ ಲಕ್ಷಣ ಕ್ಯಾನ್ಸರಿನದ್ದಲ್ಲ. ಗಂಡ ದಾರಿ ತಪ್ಪಿದ್ದಾರೆ ಎಂಬುದಕ್ಕೆ ಇದು ಸಾಕ್ಷಿಯೂ ಅಲ್ಲ. ಆದರೆ ಔಷಧಿ ಅವರಿಗೂ ಬೇಕಾಗಬಹುದು, ಏಕೆಂದು ಮುಂದೆ ಹೇಳುತ್ತೇನೆ. ಜೀವನ ಪೂರ್ತಿ ಹೀಗೆಯೇ ಇರಬೇಕಾಗಿಲ್ಲ. ಆದರೆ 3 ದಿನದ ಮಾತ್ರೆಯಲ್ಲಿ ಮುಗಿಯುವ ಕೆಲಸವೂ ಇದಲ್ಲ.

ಲಕ್ಷಣ ನೋಡಿದರೆ ಇದು ಬ್ಯಾಕ್ಟೀರಿಯಲ್ ವಜೈನೋಸಿಸ್. ನಾವು ಡಾಕ್ಟರುಗಳು ಬಿವಿ ಅನ್ನುತ್ತೇವೆ. ಪರೀಕ್ಷೆ ಮಾಡದೆ ನಾನು ಖಚಿತವಾಗಿ ಹೇಳಬಾರದು. ಆದರೂ ತೆಳ್ಳಗಿನ ಬೂದು ಸೆರಗು, ಮೀನಿನ ವಾಸನೆ, ನವೆ ಇಲ್ಲ ಅಂದರೆ ಮೊದಲ ಅನುಮಾನ ಅದರದ್ದೇ. ಮೊಸರು ಒಡೆದ ಹಾಗೆ ಗಟ್ಟಿ ಬಿಳಿ ಸೆರಗು, ವಿಪರೀತ ನವೆ ಇದ್ದರೆ ಅದು ಫಂಗಸ್. ಹಸಿರು-ಹಳದಿ ನೊರೆ ಸೆರಗು, ಉರಿ ಇದ್ದರೆ ಟ್ರೈಕೊಮೊನಾಸ್ ಎಂಬ ಇನ್ನೊಂದು ರೋಗಾಣು ಇರಬಹುದು. ಬಿವಿಗೂ ಟ್ರೈಕೊಮೊನಾಸ್‌ಗೂ ಒಂದೇ ಜಾತಿಯ ಔಷಧಿ, ಫಂಗಸ್ಸಿಗೆ ಔಷಧಿಯೇ ಬೇರೆ.

ಈಗ ಆ ವಾಸನೆ ಎಲ್ಲಿಂದ ಬರುತ್ತದೆ ನೋಡೋಣ. ಇದನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಆರೋಗ್ಯವಾಗಿರುವ ಯೋನಿಯ ಒಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಅವು ಒಳಗೆ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಅದರಿಂದ ಅಲ್ಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟು ಹುಳಿ ಜಾಸ್ತಿ) 3.8ರಿಂದ 4.5ರೊಳಗೆ ಇರುತ್ತದೆ. ಅಂದರೆ ಹುಳಿ ಮೊಸರಿನಷ್ಟು ಹುಳಿ. ಆ ಹುಳಿ ಇರುವ ತನಕ ಬೇರೆ ಬ್ಯಾಕ್ಟೀರಿಯಾಗಳು ತಲೆ ಎತ್ತುವುದಿಲ್ಲ. ಬಿವಿಯಲ್ಲಿ ಈ ಒಳ್ಳೆಯವು ಕಡಿಮೆಯಾಗುತ್ತವೆ. ಹುಳಿ ಇಳಿಯುತ್ತದೆ. ಗಾರ್ಡ್‌ನರೆಲ್ಲಾ, ಪ್ರಿವೊಟೆಲ್ಲಾ ಮುಂತಾದವು ಗುಂಪಾಗಿ ಬೆಳೆಯುತ್ತವೆ. ಹೊರಗಿನಿಂದ ಯಾವುದೋ ಒಂದು ರೋಗಾಣು ಬಂದು ಹೊಕ್ಕಿದ್ದು ಎನ್ನುವುದಕ್ಕಿಂತ ಒಳಗಿನ ಲೆಕ್ಕ ತಪ್ಪಿದ್ದು ಅನ್ನುವುದು ಸರಿ.

ಆ ಗುಂಪು ಅಮೈನ್ ಎನ್ನುವ ವಸ್ತುಗಳನ್ನು ಬಿಡುತ್ತದೆ. ಅದರಲ್ಲಿ ಒಂದು ಟ್ರೈಮಿಥೈಲಮೈನ್. ಮೀನು ಹಳತಾದಾಗ ಬರುವ ವಾಸನೆಯೂ ಅದರದ್ದೇ. ನೀವು ಕರಾವಳಿಯವರು. ಬಂಗುಡೆ ತೊಳೆಯುವಾಗ ಹುಣಸೆಹುಳಿಯನ್ನೋ ನಿಂಬೆರಸವನ್ನೋ ಹಾಕುತ್ತೀರಿ, ವಾಸನೆ ಇಳಿಯುತ್ತದೆ ಅಲ್ವಾ? ಹುಳಿ ತಾಗಿದರೆ ಅಮೈನ್ ಅಲ್ಲೇ ಕಟ್ಟಿಬೀಳುತ್ತದೆ, ಗಾಳಿಗೆ ಏಳುವುದಿಲ್ಲ. ಹುಳಿ ಹೋದರೆ ಎದ್ದು ಮೂಗಿಗೆ ಬರುತ್ತದೆ. ಗಂಡಸಿನ ವೀರ್ಯ ಹುಳಿಗೆ ವಿರುದ್ಧ ಗುಣದ್ದು, ಕ್ಷಾರ. ಮುಟ್ಟಿನ ರಕ್ತದ ಪಿಎಚ್ ಕೂಡ 7ರ ಮೇಲೆ. ನಿಮಗೆ ಸೇರಿದ ಮೇಲೂ ಮುಟ್ಟಿನ ಸಮಯದಲ್ಲೂ ವಾಸನೆ ಜಾಸ್ತಿ ಆಗುವುದು ಇದೇ ಕಾರಣಕ್ಕೆ. ನೀವು ಕೊಳಕಾಗಿದ್ದೀರಿ ಅಂತ ಅಲ್ಲ.

ಇನ್ನು ಡೆಟಾಲ್. ಹುಳಿ ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಮೊದಲೇ ಕಡಿಮೆ ಇವೆ. ಅಳಿದುಳಿದವನ್ನೂ ಡೆಟಾಲ್ ನೀರು ದಿನಕ್ಕೆ ಎರಡು ಸಲ ಕೊಲ್ಲುತ್ತಿದೆ, ಇಲ್ಲವೇ ತೊಳೆದು ಹಾಕುತ್ತಿದೆ. ತೊಳೆದ ಒಂದು ಗಂಟೆ ಹಿತವಾಗಿರುತ್ತದೆ. ಆಮೇಲೆ ವಾಸನೆ ಮೊದಲಿಗಿಂತ ಬೇಗ ಬರುತ್ತದೆ. ನೀವು ಮತ್ತೆ ತೊಳೆಯುತ್ತೀರಿ. ನನ್ನಲ್ಲಿಗೆ ಬರುವವರಲ್ಲಿ ಬೇರೆ ಎಲ್ಲ ಕಾಯಿಲೆಗಿಂತ ಈ ಕಾಯಿಲೆಯವರೇ ಅತಿ ಹೆಚ್ಚು ತೊಳೆಯುವವರು. ಸ್ವಚ್ಛತೆ ಕಮ್ಮಿಯಾಗಿ ಬಂದದ್ದು ಎಂದು ಯಾರೋ ಹೇಳಿರುತ್ತಾರೆ, ಅದನ್ನು ನಂಬಿ ಚರ್ಮ ಸುಲಿಯುವಷ್ಟು ತೊಳೆದುಕೊಂಡಿರುತ್ತಾರೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ಯೋನಿ ತನ್ನನ್ನು ತಾನೇ ತೊಳೆದುಕೊಳ್ಳುವ ಅಂಗ. ಒಳಗೆ ಬೆರಳು, ಪೈಪು, ಸೋಪು, ನಿಂಬೆನೀರು, ಅಂಗಡಿಯ ಇಂಟಿಮೇಟ್ ವಾಶ್ ಯಾವುದೂ ಬೇಡ. ಸ್ನಾನದ ಸೋಪಿನ ಪಿಎಚ್ 9-10 ಇರುತ್ತದೆ. ಹೊರಗಿನ ಭಾಗಕ್ಕೆ ಬರೀ ನೀರು ಸಾಕು. ವಾಸನೆಯ ಪ್ಯಾಡು, ಆ ಜಾಗಕ್ಕೆ ಹಾಕುವ ಪೌಡರು, ಸ್ಪ್ರೇ ಎಲ್ಲ ಪಕ್ಕಕ್ಕಿಡಿ. ಕಾಟನ್ ಚಡ್ಡಿ ಹಾಕಿದರೆ ಮುಂಬೈಯ ಬೆವರಿಗೆ ಹಿತ, ಹಾಕಿ. ಅದರಿಂದ ಬಿವಿ ಗುಣವಾಗುತ್ತದೆ ಅಂತ ಮಾತ್ರ ಕಾಯಬೇಡಿ.

ಹಾಗಾದರೆ ಮಾತ್ರೆ ತಗೊಂಡರೂ ಮರಳಿ ಬರುವುದು ಏಕೆ? ನಿಮ್ಮ ಕಡೆ ನೀರು ಬರುವ ಹೊತ್ತಿಗೆ ಡ್ರಮ್ಮು ತುಂಬಿಸಿ ಇಡುತ್ತೀರಲ್ಲ, ಅದನ್ನೇ ನೆನೆಸಿಕೊಳ್ಳಿ. ಸ್ವಲ್ಪ ದಿನ ಬಿಟ್ಟರೆ ಒಳಗೋಡೆಗೆ ಲೋಳೆ ಕಟ್ಟುತ್ತದೆ. ನೀರು ಚೆಲ್ಲಿ ಹೊಸ ನೀರು ತುಂಬಿದರೂ ಲೋಳೆ ಹೋಗುವುದಿಲ್ಲ. ನಾಲ್ಕು ದಿನಕ್ಕೆ ಹೊಸ ನೀರೂ ವಾಸನೆ. ಬಿವಿಯಲ್ಲಿ ಗಾರ್ಡ್‌ನರೆಲ್ಲಾ ಮತ್ತು ಅದರ ಜೊತೆಗಾರರು ಯೋನಿಯ ಒಳಚರ್ಮಕ್ಕೆ ಅಂಥದೇ ಒಂದು ತೆಳು ಪದರ ಕಟ್ಟುತ್ತಾರೆ. ಬಯೋಫಿಲ್ಮ್ ಅನ್ನುತ್ತೇವೆ. ಮಾತ್ರೆ ತೇಲುತ್ತಿರುವವನ್ನು ಕೊಲ್ಲುತ್ತದೆ, ಪದರದ ಒಳಗೆ ಅಡಗಿದವುಗಳಲ್ಲಿ ಕೆಲವು ಉಳಿಯುತ್ತವೆ. ಒಳ್ಳೆಯ ಬ್ಯಾಕ್ಟೀರಿಯಾ ವಾಪಸ್ ಬಂದು ಜಾಗ ಹಿಡಿಯುವ ಮೊದಲೇ ಉಳಿದವು ಮತ್ತೆ ಹರಡುತ್ತವೆ. ಸರಿಯಾದ ಔಷಧಿ ಪೂರ್ತಿ ತಗೊಂಡವರಲ್ಲೂ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಒಂದು ವರ್ಷದೊಳಗೆ ಮರಳುತ್ತದೆ. ವರ್ಷಕ್ಕೆ 3 ಅಥವಾ ಜಾಸ್ತಿ ಸಲ ಬಂದರೆ ನಾವು ಮರುಕಳಿಸುವ ಬಿವಿ ಎಂದು ಬೇರೆಯಾಗಿ ಲೆಕ್ಕ ಹಾಕುತ್ತೇವೆ, ಚಿಕಿತ್ಸೆಯೂ ಬೇರೆ. ನೀವು ಆ ಲೆಕ್ಕಕ್ಕೆ ಬರುತ್ತೀರಿ. ಇಷ್ಟು ದಿನ ನಿಮಗೆ ಕೊಟ್ಟದ್ದು ಮೊದಲ ಸಲ ಬಂದವರಿಗೆ ಕೊಡುವ ಔಷಧಿ.

ಮೆಡಿಕಲ್‌ನ ನಾಲ್ಕು ಮಾತ್ರೆಯ ಕಿಟ್ ಬಗ್ಗೆ ಒಂದು ಮಾತು. ಅದರಲ್ಲಿ ಫಂಗಸ್ಸಿಗೆ ಒಂದು, ಲೈಂಗಿಕ ಸೋಂಕಿಗೆ ಒಂದು, ಬಿವಿ-ಟ್ರೈಕೊಮೊನಾಸ್‌ಗೆ ಎರಡು ಮಾತ್ರೆ ಇರುತ್ತದೆ. ಕಾಯಿಲೆ ಯಾವುದು ಅಂತ ನೋಡದೆ ಎಲ್ಲಕ್ಕೂ ಸೇರಿಸಿ ಕೊಡುವುದು. ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ನಾನೂ ಹೀಗೆ ಬರೆದಿದ್ದೇನೆ. ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ, ಹೇಳಿದ ಲಕ್ಷಣ ಕೇಳಿ ಕಿಟ್ ಬರೆದು ಕಳಿಸುವುದು ಸುಲಭ. ಅದು ತಪ್ಪು ಎಂದು ನನಗೆ ಗೊತ್ತಾದದ್ದು ಸ್ಲೈಡು ನೋಡಲು ಶುರು ಮಾಡಿದ ಮೇಲೆ. ಬಿವಿ ಎಂದು ನಾನು ಅಂದುಕೊಂಡವರಲ್ಲಿ ಕೆಲವರಿಗೆ ಇದ್ದದ್ದು ಬರೀ ಫಂಗಸ್. ಇನ್ನು ಕೆಲವರಿಗೆ ಏನೂ ಇರಲಿಲ್ಲ.

ಪರೀಕ್ಷೆ ಬಹಳ ಸರಳ. 1983ರಲ್ಲಿ ಆಮ್ಸೆಲ್ ಎಂಬ ಡಾಕ್ಟರು ಹೇಳಿದ ನಾಲ್ಕು ಗುರುತುಗಳನ್ನು ಇವತ್ತಿಗೂ ಬಳಸುತ್ತೇವೆ. ಸೆರಗು ತೆಳ್ಳಗೆ ಒಂದೇ ಸಮನಾಗಿ ಹರಡಿರಬೇಕು. ಪಿಎಚ್ ಕಾಗದ 4.5ಕ್ಕಿಂತ ಮೇಲೆ ತೋರಿಸಬೇಕು. ಸೆರಗಿಗೆ ಒಂದು ಹನಿ 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಹಾಕಿದರೆ ಮೀನಿನ ವಾಸನೆ ಭುಗ್ ಎಂದು ಏಳಬೇಕು. ಹುಣಸೆಹುಳಿಯ ಲೆಕ್ಕ ಇಲ್ಲಿ ತಿರುಗುಮುರುಗು, ನೋಡಿ. ನಾಲ್ಕನೆಯದು ಮೈಕ್ರೊಸ್ಕೋಪಿನಲ್ಲಿ ಕಾಣುವ ಕ್ಲೂ ಸೆಲ್. ನಾನು ಧಾರವಾಡದವಳು, ನನಗೆ ಅದು ಪ್ರತಿ ಸಲ ಎಳ್ಳು ಮೆತ್ತಿದ ಸಜ್ಜೆ ರೊಟ್ಟಿಯ ಹಾಗೆ ಕಾಣುತ್ತದೆ. ಆರೋಗ್ಯದ ಜೀವಕೋಶ ಅಗಲವಾಗಿ, ತೆಳ್ಳಗೆ, ಅಂಚು ಸ್ಪಷ್ಟವಾಗಿ ಇರುತ್ತದೆ. ಕ್ಲೂ ಸೆಲ್ ಮೇಲೆ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಅಂಟಿಕೊಂಡು ರೊಟ್ಟಿಯ ಅಂಚೇ ಕಾಣುವುದಿಲ್ಲ. ನಾನು ಹೇಳಿದ ಲೋಳೆ ಪದರ ಅದೇ. ಐದರಲ್ಲಿ ಒಂದು ಜೀವಕೋಶವಾದರೂ ಹಾಗೆ ಇರಬೇಕು. ನಾಲ್ಕರಲ್ಲಿ ಮೂರು ಗುರುತು ಸಿಕ್ಕರೆ ಬಿವಿ ಎಂದು ಗಟ್ಟಿ. ಡಾಕ್ಟರ ಹತ್ತಿರ ಮೈಕ್ರೊಸ್ಕೋಪ್ ಇಲ್ಲದಿದ್ದರೆ ಲ್ಯಾಬಿಗೆ ಸ್ಲೈಡು ಕಳಿಸಿ, ಬಣ್ಣ ಹಾಕಿ ಬ್ಯಾಕ್ಟೀರಿಯಾ ನೋಡುವ ಗ್ರಾಮ್ ಸ್ಟೇನ್ ಮಾಡಿಸಬಹುದು. ರಿಪೋರ್ಟಿನಲ್ಲಿ ನ್ಯೂಜೆಂಟ್ ಸ್ಕೋರ್ ಬರುತ್ತದೆ, 7ರಿಂದ 10 ಇದ್ದರೆ ಬಿವಿ.

ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಬೇಡಿ. ಅದಕ್ಕೆ ದುಡ್ಡೂ ಜಾಸ್ತಿ, ಬಿವಿಗೆ ಉಪಯೋಗವೂ ಇಲ್ಲ. ಗಾರ್ಡ್‌ನರೆಲ್ಲಾ ಆರೋಗ್ಯವಂತರಲ್ಲೂ ಸ್ವಲ್ಪ ಇರುತ್ತದೆ. ಕಲ್ಚರಿನಲ್ಲಿ ಏನೋ ಒಂದು ಬೆಳೆಯುತ್ತದೆ, ಅದಕ್ಕೆ ಇನ್ನೊಂದು ಆಂಟಿಬಯಾಟಿಕ್ ಬರೆಯುತ್ತಾರೆ, ಉಳಿದ ಒಳ್ಳೆಯವೂ ಹೋಗುತ್ತವೆ. ಪರೀಕ್ಷೆಗೆ ಹೋಗುವ 2 ದಿನ ಮೊದಲಿನಿಂದ ಒಳಗೆ ತೊಳೆಯಬೇಡಿ, ಮಾತ್ರೆ ಇಡಬೇಡಿ, ಗಂಡನ ಜೊತೆ ಸೇರಬೇಡಿ. ಮುಟ್ಟು ಪೂರ್ತಿ ನಿಂತಿರಲಿ. ವಾಸನೆ ಇರುವಾಗಲೇ ಹೋಗಿ. ಎಷ್ಟೋ ಮಂದಿ ನಾಚಿಕೆಯಿಂದ ಚೆನ್ನಾಗಿ ತೊಳೆದುಕೊಂಡು ಬರುತ್ತಾರೆ, ಸ್ಲೈಡಿನಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಪ್ರೈವೇಟ್ ಆಗುವುದಿಲ್ಲ ಅಂದರೆ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂದು ಇರುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯದು. ಪರೀಕ್ಷೆ, ಔಷಧಿ ಪುಕ್ಕಟೆ. ಬಿಳಿ ಸೆರಗಿಗೆ ಅಲ್ಲಿ ಹಸಿರು ಬಣ್ಣದ ಕಿಟ್ ಕೊಡುತ್ತಾರೆ. ಮೊದಲ ಸಲದವರಿಗೆ ಅದು ಸರಿ. ನಿಮಗೆ ಐದು ಸಲ ಬಂದು ಹೋಗಿದೆ ಎನ್ನುವುದನ್ನು ಬಾಯಿ ಬಿಟ್ಟು ಹೇಳಿ, ಸ್ಲೈಡು ನೋಡಲು ಕೇಳಿ. ಒಪಿಡಿಯಲ್ಲಿ ಕನ್ನಡದವರು ಸಿಗದಿದ್ದರೆ ಮರಾಠಿಯಲ್ಲಿ ‘ಅಂಗಾವರೂನ್ ಪಾಂಢರಂ ಜಾತಂ, ವಾಸ್ ಯೇತೊ, ಖಾಜ್ ನಾಹೀ’ ಅಂದರೆ ಸಾಕು. ಬಿಳಿ ಹೋಗುತ್ತದೆ, ವಾಸನೆ ಬರುತ್ತದೆ, ನವೆ ಇಲ್ಲ ಎಂದರ್ಥ. ಈ ಮಾತನ್ನು ಅವರು ದಿನಾ ಕೇಳುತ್ತಾರೆ, ನಾಚಿಕೊಳ್ಳಬೇಡಿ.

ಬಿವಿ ಎಂದು ಗಟ್ಟಿಯಾದರೆ ಮೆಟ್ರೊನಿಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಪೂರ್ತಿ 7 ದಿನ. ಭೇದಿಗೂ ಕೊಡುವ ಅದೇ ಮಾತ್ರೆ. ಊಟವಾದ ಮೇಲೆ ತಗೊಳ್ಳಿ. ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ, ಸ್ವಲ್ಪ ವಾಕರಿಕೆ ಬರುತ್ತದೆ. ಮೂರನೆಯ ದಿನಕ್ಕೇ ವಾಸನೆ ಹೋಯಿತು ಅಂತ ನಿಲ್ಲಿಸಬೇಡಿ. ವಾಸನೆ ಮೊದಲು ಹೋಗುತ್ತದೆ, ಲೋಳೆ ಆಮೇಲೆ. ರಕ್ತ ತೆಳ್ಳಗಾಗುವ ಮಾತ್ರೆ ತಗೊಳ್ಳುವವರು, ಬಸುರಿಯರು, ಮೊಲೆಹಾಲು ಕೊಡುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಮಾತ್ರೆ ಒಗ್ಗದವರಿಗೆ ಕ್ಲಿಂಡಮೈಸಿನ್ 2% ಕ್ರೀಮು ರಾತ್ರಿ ಒಳಗೆ ಹಾಕುವುದು, 7 ದಿನ. ಆ ಕ್ರೀಮಿನಲ್ಲಿ ಎಣ್ಣೆ ಇರುತ್ತದೆ, ಕಾಂಡೋಮ್ ಹರಿಯಬಹುದು. ಆ ದಿನಗಳಲ್ಲೂ ಮುಗಿದ ಮೇಲೆ 5 ದಿನವೂ ಕಾಂಡೋಮನ್ನು ನಂಬಬೇಡಿ.

ಈಗ ಗಂಡನ ವಿಷಯ. ಬಹಳ ವರ್ಷ ನಾವು ಡಾಕ್ಟರುಗಳು ಗಂಡಸರಿಗೆ ಔಷಧಿ ಬೇಡ ಎಂದೇ ಹೇಳುತ್ತಿದ್ದೆವು. ಬರೀ ಮಾತ್ರೆ ಕೊಟ್ಟು ನೋಡಿದ ಹಳೆಯ ಅಧ್ಯಯನಗಳಲ್ಲಿ ಲಾಭ ಕಂಡಿರಲಿಲ್ಲ. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಬಂತು. 164 ಜೋಡಿಗಳು. ಅರ್ಧ ಜೋಡಿಗಳಲ್ಲಿ ಹೆಂಗಸಿಗೆ ಮಾತ್ರ ಔಷಧಿ. ಇನ್ನರ್ಧದಲ್ಲಿ ಗಂಡಸಿಗೂ ಅದೇ 7 ದಿನ ಮಾತ್ರೆ ಕೊಟ್ಟು, ಜೊತೆಗೆ ಶಿಶ್ನದ ಚರ್ಮಕ್ಕೆ ಹಚ್ಚುವ ಕ್ರೀಮೂ ಕೊಟ್ಟರು. 12 ವಾರದಲ್ಲಿ ಮರಳಿ ಬಂದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 63 ಮಂದಿಗೆ, ಎರಡನೆಯದರಲ್ಲಿ 35ಕ್ಕೆ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಅದನ್ನು ಓದಿದ ದಿನ ನನಗೆ ಎಷ್ಟೋ ಮುಖಗಳು ನೆನಪಾದವು. ಮೂರು ಸಲ, ನಾಲ್ಕು ಸಲ ಬಂದು, ‘ನೀವು ಹೇಳಿದ್ದೆಲ್ಲ ಮಾಡಿದೆ ಡಾಕ್ಟರೇ’ ಎಂದು ಕಣ್ಣೀರು ಹಾಕಿದವರು. ಅವರ ಗಂಡಂದಿರನ್ನು ನಾನು ಒಂದು ಸಲವೂ ಕರೆದಿರಲಿಲ್ಲ.

ಈ ಬ್ಯಾಕ್ಟೀರಿಯಾಗಳು ಗಂಡಸಿನ ಮುಂದೊಗಲಿನ ಅಡಿಯಲ್ಲಿ, ಮೂತ್ರನಾಳದಲ್ಲಿ ಸದ್ದಿಲ್ಲದೆ ಇರುತ್ತವೆ. ಅವರಿಗೆ ವಾಸನೆ ಇಲ್ಲ, ನೋವಿಲ್ಲ. ಅವರಿಗೂ ಗೊತ್ತಿರುವುದಿಲ್ಲ. ನಿಮ್ಮಿಂದ ಅವರಿಗೆ ಹೋಗಿ, ಅವರಿಂದ ನಿಮಗೆ ಮರಳಿರಬಹುದು. ಇಬ್ಬರೂ ಒಬ್ಬರಿಗೊಬ್ಬರು ಸರಿಯಾಗಿಯೇ ಇರುವ ಮನೆಗಳಲ್ಲೂ ಇದು ನಡೆಯುತ್ತದೆ. ಹಾಗಾಗಿ ಇದನ್ನು ಹಿಡಿದು ಗಂಡನ ಮೇಲೆ ಅನುಮಾನ ಪಡಬೇಡಿ, ನಿಮ್ಮ ಮೇಲೆ ಯಾರೂ ಅನುಮಾನ ಪಡಲು ಬಿಡಬೇಡಿ. ಒಂದು ವೇಳೆ ಬೇರೆ ಕಾರಣಕ್ಕೆ ನಿಮಗೆ ಭಯ ಇದ್ದರೆ ಎಚ್‌ಐವಿ, ಸಿಫಿಲಿಸ್, ಕ್ಲಮಿಡಿಯಾ, ಗೊನೊರಿಯಾ ಪರೀಕ್ಷೆ ಬೇರೆಯಾಗಿ ಮಾಡಿಸಿ. ಬಿವಿ ಇರುವವರಿಗೆ ಅಂಥ ಸೋಂಕು ತಗಲುವುದು ಸುಲಭ, ಹಾಗಾಗಿ ನಾನು ಎಲ್ಲರಿಗೂ ಒಂದು ಸಲ ಮಾಡಿಸಲು ಹೇಳುತ್ತೇನೆ.

ಅವರಿಗೆ ಮೆಟ್ರೊನಿಡಜೋಲ್ 400 ದಿನಕ್ಕೆ ಎರಡು ಸಲ. ಕ್ಲಿಂಡಮೈಸಿನ್ 2% ಕ್ರೀಮು ದಿನಕ್ಕೆ ಎರಡು ಸಲ, ಮುಂದೊಗಲು ಹಿಂದೆ ಸರಿಸಿ ತುದಿಗೂ, ಮೇಲಿನ ಚರ್ಮಕ್ಕೂ. ನಿಮ್ಮ 7 ದಿನ, ಅವರ 7 ದಿನ ಒಂದೇ ಆಗಿರಬೇಕು. ಆ ವಾರ ಸೇರುವುದು ಬೇಡ. ಮೆಡಿಕಲ್‌ನಲ್ಲಿ ಮೊಡವೆಗೆ ಹಚ್ಚುವ 1% ಕ್ಲಿಂಡಮೈಸಿನ್ ಜೆಲ್ ಕೊಟ್ಟುಬಿಡುತ್ತಾರೆ, ಅದಲ್ಲ. ಯೋನಿಗೆ ಹಾಕುವ 2% ಕ್ರೀಮೇ ಬೇಕು ಎಂದು ಡಾಕ್ಟರ ಚೀಟಿ ತೋರಿಸಿ. ಈ ಮಾತ್ರೆಯ ಜೊತೆ ಕುಡಿತದ ಬಗ್ಗೆ ಹಳೆಯ ಎಚ್ಚರಿಕೆ ಇದೆ. ಈಗ ಅಷ್ಟು ಹೆದರಬೇಕಿಲ್ಲ ಅನ್ನುವವರೂ ಇದ್ದಾರೆ. ನಾನು ಮಾತ್ರ ಆ 7 ದಿನ ಬೇಡ ಎಂದೇ ಹೇಳುತ್ತೇನೆ.

ಹೇಳುವುದು ಹೇಗೆ? ಒಂದು ರೂಮು-ಕಿಚನ್ ಮನೆಯಲ್ಲಿ ಅತ್ತೆ, ಮಕ್ಕಳು ಇರುವಾಗ ಈ ಮಾತು ಆಡಲು ಜಾಗವೇ ಇರುವುದಿಲ್ಲ. ಸಂಜೆ ತರಕಾರಿಗೆ ಅಂತ ಇಬ್ಬರೇ ಹೊರಗೆ ಹೋಗಿ. ನಡೆಯುತ್ತಾ ಹೇಳುವುದು ಸುಲಭ, ಮುಖ ನೋಡಬೇಕಾಗಿಲ್ಲ. ಸುತ್ತಿ ಬಳಸಿ ಹೇಳಬೇಡಿ. ‘ನನಗೆ ಒಂದು ಸೋಂಕು ಮರಳಿ ಮರಳಿ ಬರುತ್ತಿದೆ. ತಪ್ಪು ಯಾರದ್ದೂ ಅಲ್ಲ. ಇಬ್ಬರೂ ಒಟ್ಟಿಗೆ 7 ದಿನ ಔಷಧಿ ತಗೊಂಡರೆ ನಿಲ್ಲುವ ಸಾಧ್ಯತೆ ಜಾಸ್ತಿ ಅಂತ ಡಾಕ್ಟರು ಹೇಳಿದ್ದಾರೆ. ನೀವೂ ಒಂದು ಸಲ ಬನ್ನಿ.’ ಇಷ್ಟೇ. ಮೊದಲ ಮಾತಿಗೆ ಸಿಡುಕಿದರೆ ಅಲ್ಲಿಗೆ ಬಿಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೆಂಡತಿ ಹೇಳಿದರೆ ಕೇಳದವರು ಚೀಟಿಯಲ್ಲಿ ತಮ್ಮ ಹೆಸರು ಕಂಡ ಕೂಡಲೇ ಮಾತ್ರೆ ನುಂಗಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಒಪ್ಪದೇ ಹೋದರೆ ಕಾಂಡೋಮ್ ಬಳಸಿದರೂ ಮರಳುವುದು ಕಡಿಮೆಯಾಗುತ್ತದೆ.

ಕಾಪರ್-ಟಿ ಇರುವವರಲ್ಲಿ ಬಿವಿ ಸ್ವಲ್ಪ ಜಾಸ್ತಿ. ಹಾಕಿಸಿದ ಮೇಲೆ ಮುಟ್ಟು ಜಾಸ್ತಿ ದಿನ, ಜಾಸ್ತಿ ರಕ್ತ ಹೋಗುವವರಲ್ಲಿ ಇನ್ನೂ ಜಾಸ್ತಿ. ರಕ್ತ ಹುಳಿಯನ್ನು ಇಳಿಸುತ್ತದೆ ಎಂದು ಮೇಲೆ ಹೇಳಿದೆನಲ್ಲ. ಹಾಗಂತ ನಾಳೆಯೇ ತೆಗೆಸಬೇಡಿ. ಬೇಡದ ಬಸುರು ಇದಕ್ಕಿಂತ ದೊಡ್ಡ ಕಷ್ಟ. ಇಬ್ಬರಿಗೂ ಔಷಧಿಯಾಗಿ ಆಮೇಲೂ ಬಂದರೆ ಆಗ ಬೇರೆ ಗರ್ಭನಿರೋಧಕದ ಮಾತು ಎತ್ತೋಣ. ಹಾರ್ಮೋನಿನ ಗುಳಿಗೆ ತಗೊಳ್ಳುವವರಲ್ಲಿ ಬಿವಿ ಕಡಿಮೆ.

ಅಷ್ಟಾಗಿಯೂ ಬಂತು ಅನ್ನಿ. ಆಗ ಉದ್ದದ ಚಿಕಿತ್ಸೆ. ಮೆಟ್ರೊನಿಡಜೋಲ್ 0.75% ಜೆಲ್ ಮೊದಲು 10 ದಿನ ದಿನಾ ರಾತ್ರಿ ಒಳಗೆ, ಆಮೇಲೆ ವಾರಕ್ಕೆ ಎರಡು ರಾತ್ರಿ, 4ರಿಂದ 6 ತಿಂಗಳು. ವಸಡಿಗೆ ಹಚ್ಚುವ ಮೆಟ್ರೊನಿಡಜೋಲ್ ಜೆಲ್ ಬೇರೆ, ಅದನ್ನು ತರಬೇಡಿ. ಹಾಕಿಕೊಳ್ಳುವ ತನಕ ಬಿವಿ ಹತೋಟಿಯಲ್ಲಿ ಇರುತ್ತದೆ. ನಿಲ್ಲಿಸಿದ ಮೇಲೆ ಕೆಲವರಿಗೆ ಮರಳುತ್ತದೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಲೋಳೆ ಪದರ ಸಡಿಲ ಮಾಡಲು ಬೋರಿಕ್ ಆಸಿಡ್ 600 ಮಿಲಿಗ್ರಾಂ ಕ್ಯಾಪ್ಸೂಲನ್ನು 21 ರಾತ್ರಿ ಯೋನಿಯೊಳಗೆ ಇಡುವುದೂ ಇದೆ. ಇದನ್ನು ಡಾಕ್ಟರು ಹೇಳದೆ ಮಾಡಲೇಬೇಡಿ. ಕೇರಂ ಬೋರ್ಡಿಗೆ ಹಾಕುವ ಪುಡಿಯೂ ಬೋರಿಕ್ ಪುಡಿಯೇ ಅಂತ ಅದನ್ನು ತುಂಬಿ ಇಟ್ಟುಕೊಂಡವರನ್ನು ನೋಡಿದ್ದೇನೆ. ಅಳತೆ ಗೊತ್ತಿಲ್ಲ, ಶುದ್ಧವಲ್ಲ. ಬೋರಿಕ್ ಆಸಿಡ್ ಹೊಟ್ಟೆಗೆ ಹೋದರೆ ವಿಷ. ಮನೆಯಲ್ಲಿ ಮಕ್ಕಳಿದ್ದಾರೆ, ಕೈಗೆ ಸಿಗದ ಕಡೆ ಇಡಬೇಕು. ಬಸುರಿಯಾಗುವ ಸಾಧ್ಯತೆ ಇದ್ದರೆ ಬೇಡವೇ ಬೇಡ.

ಮೊಸರು ಇಟ್ಟುಕೊಳ್ಳಬಹುದಾ ಎಂದು ಬಹಳ ಮಂದಿ ಕೇಳುತ್ತಾರೆ. ಮೊಸರಿನ ಬ್ಯಾಕ್ಟೀರಿಯಾ ಬೇರೆ ಜಾತಿಯದು, ಅಲ್ಲಿ ಬೇರೂರುವುದಿಲ್ಲ. ಊಟಕ್ಕೆ ತಿನ್ನಿ. ಅಂಗಡಿಯ ಪ್ರೊಬಯಾಟಿಕ್ ಕ್ಯಾಪ್ಸೂಲಿಗೆ ನಾನು ದುಡ್ಡು ಹಾಕಿಸುವುದಿಲ್ಲ. ಯೋನಿಯ ಸ್ವಂತ ಜಾತಿಯಾದ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಅನ್ನು ಮಾತ್ರೆಯ ನಂತರ ಒಳಗೆ ಹಾಕಿ ನೋಡಿದ ಅಮೆರಿಕದ ಅಧ್ಯಯನ 2020ರಲ್ಲಿ ಬಂತು. 12 ವಾರದಲ್ಲಿ ನೂರಕ್ಕೆ 45ರ ಬದಲು 30 ಮಂದಿಗೆ ಮರಳಿತು. ದಾರಿ ಸರಿಯಿದೆ, ಆದರೆ ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಇರುವುದು ಅದಲ್ಲ.

ನಿಮ್ಮ ಅತ್ತೆಯ ಉಷ್ಣದ ಮಾತಿಗೆ ಸಿಟ್ಟು ಮಾಡಬೇಡಿ. ಜೀರಿಗೆ ಕಷಾಯ ಕುಡಿದರೆ ತೊಂದರೆ ಇಲ್ಲ, ಕಾಯಿಲೆಗೆ ಸಂಬಂಧವೂ ಇಲ್ಲ. ಆದರೆ ಬಿಳಿ ಹೋದರೆ ಶಕ್ತಿ ಸೋರಿಹೋಗುತ್ತದೆ, ಸೊಂಟ ಸವೆಯುತ್ತದೆ ಎಂಬ ಹೆದರಿಕೆ ನಮ್ಮ ಹೆಂಗಸರಲ್ಲಿ ಆಳವಾಗಿದೆ. ನಮ್ಮ ಪಕ್ಕದ ಗೋವಾದಲ್ಲಿ ಸುಮಾರು 2,500 ಹೆಂಗಸರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನ ನಡೆದಿದೆ. ಬಿವಿ ಇದ್ದದ್ದು ನೂರಕ್ಕೆ ಸುಮಾರು 18 ಮಂದಿಗೆ. ನೀವು ಒಬ್ಬರೇ ಅಲ್ಲ, ನಿಮ್ಮ ಲೇಡೀಸ್ ಡಬ್ಬಿಯಲ್ಲೂ ಇನ್ನೆಷ್ಟೋ ಜನ ಇರಬಹುದು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಂಡಿತು. ಬಿಳಿ ಸೆರಗಿನ ದೂರು ಹೇಳುವುದಕ್ಕೆ ಸೋಂಕಿಗಿಂತ ಮನಸ್ಸಿನ ಬೇಗುದಿ, ಖಿನ್ನತೆಯ ನಂಟೇ ಜಾಸ್ತಿ ಗಟ್ಟಿಯಾಗಿತ್ತು. ನಿಮಗೆ ವಾಸನೆ ಇದೆ, ಬಣ್ಣ ಬದಲಾಗಿದೆ. ನಿಮ್ಮದು ಮನಸ್ಸಿನದ್ದು ಎಂದು ನಾನು ಹೇಳುತ್ತಿಲ್ಲ. ಆದರೆ 14 ತಿಂಗಳು ಒಬ್ಬರೇ ಇದನ್ನು ಹೊತ್ತುಕೊಂಡಿದ್ದೀರಿ. ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಎಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ವಾಸನೆ ಇಲ್ಲದ, ತಿಂಗಳ ಮಧ್ಯದಲ್ಲಿ ಮೊಟ್ಟೆಯ ಬಿಳಿಯಂತೆ ಹೋಗುವ ಸೆರಗು ಕಾಯಿಲೆ ಅಲ್ಲ, ಅದಕ್ಕೆ ಔಷಧಿ ಬೇಡ.

ಕೆಳಹೊಟ್ಟೆ ನೋವು, ಜ್ವರ, ಸೆರಗಿನಲ್ಲಿ ರಕ್ತ, ಸೇರಿದ ಮೇಲೆ ರಕ್ತ ಕಂಡರೆ ಕಾಯಬೇಡಿ, ಅದೇ ವಾರ ತೋರಿಸಿ. ನಿಮಗೆ 30 ದಾಟಿದೆ, ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಎಚ್‌ಪಿವಿ ಪರೀಕ್ಷೆ ಹೇಗೂ ಮಾಡಿಸಬೇಕಾದ ವಯಸ್ಸು. ಬಿವಿಗೂ ಅದಕ್ಕೂ ಸೇರಿಸಿ ಹೆದರಬೇಡಿ, ಹೋದಾಗ ಮಾಡಿಸಿಕೊಂಡು ಬನ್ನಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ವಾಸನೆ ಬಂದ ದಿನ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಮುಟ್ಟಿನ ದಿನಕ್ಕೆ ಗೆರೆ ಹಾಕಿ. ಯಾರು ನೋಡಿದರೂ ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ. ಠಾಣೆ ಹತ್ತಿರದ ಕಳವಾದಿಂದ ಬರುವ ಒಬ್ಬರು ಹೀಗೆ ಗುರುತು ಹಾಕಿದ ಹಾಳೆಗಳನ್ನು ಹರಿದು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಮೊದಲ ಐದು ಹಾಳೆಗಳಲ್ಲಿ ಪ್ರತಿ ಗೆರೆಯ ಹಿಂದೆಯೇ ಚುಕ್ಕೆಗಳ ಸಾಲು. ಗಂಡ-ಹೆಂಡತಿ ಇಬ್ಬರೂ ಔಷಧಿ ತಗೊಂಡ ಮೇಲೆ ಮೂರು ಹಾಳೆ ಖಾಲಿ. ನಾಲ್ಕನೆಯ ತಿಂಗಳು ಅವರು ಓಡಿ ಬಂದರು, ಮುಖ ಬಿಳಿಚಿತ್ತು. ‘ಮತ್ತೆ ಶುರುವಾಯಿತು, ಅದೇ ಮಾತ್ರೆ ಬರೆದುಕೊಡಿ.’ ಸ್ಲೈಡು ತೆಗೆದೆ. ಎಳ್ಳು ರೊಟ್ಟಿ ಒಂದೂ ಇಲ್ಲ. ಪಿಎಚ್ 4. ಇದ್ದದ್ದು ಫಂಗಸ್, ನೆಗಡಿಗೆ ಅಂತ ಯಾರೋ ಕೊಟ್ಟ ಆಂಟಿಬಯಾಟಿಕ್ಕಿನಿಂದ ಬಂದದ್ದು. ಮೆಟ್ರೊನಿಡಜೋಲ್ ತಗೊಂಡಿದ್ದರೆ ಸುಮ್ನೆ ಇನ್ನೊಂದು ವಾರ ಬಾಯಿ ಕಹಿ ಮಾಡಿಕೊಳ್ಳುತ್ತಿದ್ದರು, ನವೆ ಹಾಗೇ ಇರುತ್ತಿತ್ತು. ನಿಮಗೂ ಮುಂದೆ ಯಾವಾಗಲಾದರೂ ಬಂತು ಅನಿಸಿದರೆ ಮೊದಲು ಮೆಡಿಕಲ್ಲಿಗೆ ಹೋಗಬೇಡಿ, ಸ್ಲೈಡು ತೋರಿಸಿ.